ದಿಬ್ಬದ ಜೋಳ

ನಿನ್ನೆ ಶಹಾಪುರದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಹಳ್ಳಿಯ ಬಸ್ಸಿನಿಂದ ಕಂಡಕ್ಟರ್ ಒಂದು ಬುತ್ತಿ ಗಂಟು ಕೆಳಗೆ ಚಾಚಿದ. ಕಾಲೇಜು ಹುಡುಗಿಯೊಬ್ಬಳು ಓಡಿ ಬಂದು ಹಿಡಿದಳು. ಗಂಟು ನನ್ನ ಮೂಗಿನ ಮುಂದೆಯೇ ಹಾದುಹೋಯಿತು. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಖಾರದ ಪುಡಿ, ಅದೇ ವಾಸನೆ. ನನ್ನ ಬಸ್ಸು ಹೋದದ್ದು ಆಮೇಲೆ ಗೊತ್ತಾಯಿತು.

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲಿಗಳು ನಾನು. ಕೇಳದವರಿಗೂ ಇದನ್ನು ಹೇಳುತ್ತೇನೆ, ನಿಮಗೂ ಹೇಳಿಬಿಟ್ಟೆ. ದೋರನಹಳ್ಳಿ ಕಡೆಯ ನಮ್ಮೂರಿಂದ ಬಂದು, ಶಹಾಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಓದುವಾಗ ನನ್ನ ಬುತ್ತಿಯೂ ಹೀಗೇ ಬಸ್ಸೇರಿ ಬರುತ್ತಿತ್ತು. ಕಟ್ಟಿ ಕಳಿಸುತ್ತಿದ್ದವಳು ಆಯಿ, ನಮ್ಮಪ್ಪನ ತಾಯಿ.

ಕಾಲುವೆ ನೀರು ಆಗಷ್ಟೇ ನಮ್ಮ ಹೊಲಕ್ಕೆ ಬಂದಿತ್ತು. ಊರಿಗೆ ಊರೇ ಜೋಳ ಬಿಟ್ಟು ಭತ್ತ ಹಚ್ಚಿತು. ಬೀಗರು ಬಂದರೆ ಮಾತ್ರ ಬೇಯುತ್ತಿದ್ದ ಅನ್ನ ದಿನದ ಊಟವಾಯಿತು. ನಮ್ಮ ಹೊಲದಲ್ಲಿ ನೀರು ಏರದ ಒಂದು ದಿಬ್ಬ ಉಳಿದಿತ್ತು. ಅಲ್ಲಿ ಆಯಿ ಜೋಳ ಹಾಕಿಸುತ್ತಿದ್ದಳು. ಮನೆಗೆಲ್ಲ ಸಾಲುವಷ್ಟಲ್ಲ, ನನ್ನ ಬುತ್ತಿಗೆ ಸಾಲುವಷ್ಟು.

ಅಪ್ಪನಿಗೆ ಆ ದಿಬ್ಬದ ಮೇಲೆ ಕಣ್ಣು. ಕಡಿದು ಗದ್ದೆ ಮಾಡಿದರೆ ಇನ್ನಷ್ಟು ಭತ್ತ.

“ಬುತ್ತಿಗಿ ಅನ್ನ ಕಟ್ಟು,” ಅಂದ.

“ಈ ಬಿಸಲಾಗ ಶಹಾಪುರ ಮುಟ್ಟೂದ್ರಾಗ ಅನ್ನ ಹಳಸ್ತದಲೇ,” ಅಂದಳು ಆಯಿ.

“ಹಂಗಾದ್ರ ಓದಿದ್ದು ಸಾಕು, ಮನಿಗಿ ಬರ್ಲಿ. ನಾಟಿಗಿ ಆಳು ಸಿಗವಲ್ರು.”

ರಜೆಗೆ ನಾನು ಊರಲ್ಲಿದ್ದಾಗಲೇ ದಿಬ್ಬ ಸಮ ಮಾಡಲು ಟ್ರ್ಯಾಕ್ಟರ್ ಬಂತು. ನೋಡಿದರೆ ದಿಬ್ಬದ ನಡುವೆ ಹೊಗೆ. ಆಯಿ ಕಲ್ಲಿನ ಒಲೆ ಹೂಡಿ, ಹಂಚು ಇಟ್ಟು, ರೊಟ್ಟಿ ಬಡಿಯುತ್ತ ಕೂತಿದ್ದಾಳೆ!

“ಯವ್ವಾ, ಏಳು. ಮಂದಿ ನಗಾಕತ್ತಾರ,” ಅಪ್ಪ ಹಲ್ಲು ಕಚ್ಚಿದ.

“ನಗ್ಲಿ. ನಕ್ಕವರಿಗಿ ಒಂದೊಂದು ರೊಟ್ಟಿ ಕೊಡ್ತೀನಿ.” ಆಮೇಲೆ ಡ್ರೈವರ್ ಕಡೆ ತಿರುಗಿ, “ಇಳಿಯಪ್ಪಾ, ಹಸದು ಬಂದೀದಿ.”

ಅವನು ಎಂಜಿನ್ ಬಂದ್ ಮಾಡಿ ಇಳಿದ. ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ ಮುಗಿಸಿ, ಕೈ ತೊಳೆದು, ಅಪ್ಪನಿಗೆ ಅಂದ: “ಉಂಡ ಒಲಿ ಮ್ಯಾಲ ಗಾಲಿ ಹಾಯಸಂಗಿಲ್ರಿ ನಾ.”

ಅಪ್ಪ ಬಹಳ ದಿನ ಆಯಿ ಜೊತೆ ಮಾತು ಬಿಟ್ಟ. ಬುತ್ತಿಯನ್ನು ಬಸ್ಸಿಗೆ ಮುಟ್ಟಿಸುವುದನ್ನು ಮಾತ್ರ ಬಿಡಲಿಲ್ಲ.

ಅಲ್ಲಿಂದ ನಾನು ಕಂಡವರಿಗೆಲ್ಲ ಹೇಳತೊಡಗಿದೆ: ನಮ್ಮ ಆಯಿಗೆ ಜೋಳ ಅಂದರೆ ಜೀವ. ಕಾಲೇಜಿನ ಭಾಷಣ ಸ್ಪರ್ಧೆಯಲ್ಲೂ ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ಕೊನೆಯ ವರ್ಷದ ಫಲಿತಾಂಶ ಬಂದ ದಿನ ಊರಿಗೆ ಓಡಿದೆ. ಆಯಿ ನನ್ನ ಗಲ್ಲ ಸವರಿ, ನೆಟಿಗೆ ಮುರಿದು, ಅಂಗಳದಲ್ಲಿದ್ದ ಅಪ್ಪನನ್ನು ಕೂಗಿದಳು: “ಟ್ರ್ಯಾಕ್ಟರ್ ಕರಸೋ. ಹೊಡಿ ಆ ದಿಬ್ಬ.”

ನಾನು ಬೆಪ್ಪಾದೆ. “ಆಯಿ, ಜ್ವಾಳ?”

“ಯಾರಿಗಿ ಬೇಕದು? ಹಲ್ಲೆಲ್ಲಿ ಅದಾವ ನನಗ? ಬಡದು ಬಡದು ರಟ್ಟಿ ಹ್ವಾದ್ವು. ನನಗ ಮೊದಲಿಂದ ಅನ್ನನ ಸೇರ್ತದ, ಹುಚ್ಚಿ.”

ಆಯಿ ಹೋಗಿ ಬಹಳ ವರ್ಷವಾಯಿತು. ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಎಡೆಯಲ್ಲಿ ಅವಳಿಗೆಂದು ನಾನು ರೊಟ್ಟಿಯನ್ನೇ ಇಡುತ್ತ ಬಂದೆ. ಅವಳ ಮಾತಿಗಿಂತ ನನ್ನ ಭಾಷಣವೇ ನನಗೆ ರುಚಿಸಿತ್ತೇನೋ. ಮುಂದಿನ ಬಸ್ಸಿಗೆ ಕಾಯುತ್ತ ಕೂತಾಗ ಇದು ಹೊಳೆದು ಒಬ್ಬಳೇ ನಕ್ಕೆ.

ಮನೆಗೆ ಬಂದು, ನೀರು ಹೆಚ್ಚಿಗಿಟ್ಟು, ಅಕ್ಕಿಯನ್ನು ಮೆತ್ತಗೆ ಬೇಯಿಸಿದೆ. ಹಾಲು ಸುರಿದು ಕಿವುಚಿದೆ. ಮೊದಲ ತುತ್ತನ್ನು ಆಯಿಯ ಪಾಲೆಂದು ತಟ್ಟೆಯಂಚಿಗೆ ತೆಗೆದಿಟ್ಟೆ. ಪಕ್ಕದಲ್ಲಿ ರೊಟ್ಟಿ ಇಡಲಿಲ್ಲ.