ಕ್ಯಾಲೆಂಡರ್ ಕೂಡಿಸಿಕೊಟ್ಟವರು

ನಮ್ಮ ಉಚಿತ ಕಣ್ಣಿನ ಶಿಬಿರಗಳ ವೆಬ್‌ಸೈಟ್ ಮಾಡಿಕೊಟ್ಟವರು ರೋಣದ ಕಂಪ್ಯೂಟರ್ ಅಂಗಡಿಯವರು. ಶಿಬಿರದ ತಾರೀಖುಗಳಿಗೆಂದು ಬೇರೆಲ್ಲಿಯದೋ ಕ್ಯಾಲೆಂಡರೊಂದನ್ನು ತಂದು ಅದರಲ್ಲಿ ಕೂಡಿಸಿದ್ದರು. ವೆಬ್‌ಸೈಟ್ ತೆರೆದು ನೋಡುವವರಿಗೆ ಅದು ಕಾಣುತ್ತಿತ್ತು, ಆದರೆ ಶಿಬಿರ ಯಾವಾಗ ಎಂದು ಸರ್ಚ್ ಮಾಡಿದವರಿಗೆ ಅದರಲ್ಲಿನ ತಾರೀಖು ಸಿಗುತ್ತಿರಲಿಲ್ಲ. ಜನ ಬರದಿದ್ದರೆ ಹೇಗೆ ಎಂದು ನಾನು ದಿನಾ ಹೋಗಿ ಗೋಳಾಡುತ್ತಿದ್ದೆ. ಅವರು ಮೀಸೆ ತೀಡುತ್ತ, ವೆಬ್‌ಸೈಟಿನ ಪೂರ್ತಿ ವಿಳಾಸವನ್ನೇ ಸರ್ಚಿನಲ್ಲಿ ಒತ್ತಿ, “ಬಂತಲ್ರಿ ಸರ! ಸುಮ್ನ ಚಿಂತಿ ಮಾಡ್ತೀರಿ” ಎನ್ನುತ್ತಿದ್ದರು.

ನರಗುಂದದ ಶಿಬಿರಕ್ಕೆ ನಾಲ್ಕೇ ಜನ ಬಂದರು. ಡಾಕ್ಟರ ಮುಖ ನೋಡಲಾಗದೆ ಐದನೆಯವನಾಗಿ ನಾನೇ ಕಣ್ಣು ತೋರಿಸಿಕೊಂಡೆ.

ಮರುದಿನ ಅಂಗಡಿಯವರದೇ ಫೋನು. “ಸರ, ನಮ್ಮ ಅವ್ವಗ ಕಣ್ಣಾಗ ಪೊರಿ ಬಂದೈತ್ರಿ. ನರಗುಂದದ ಶಿಬಿರ ಯಾವಾಗೈತಿ? ಎಷ್ಟ್ ಸರ್ಚ್ ಮಾಡಿದ್ರೂ ಸಿಗವಲ್ದು.”

“ನಿನ್ನೆ ಮುಗೀತ್ರಿ.”

ಅವರ ದನಿ ಸಣ್ಣಗಾಯಿತು: “ಗಜೇಂದ್ರಗಡದ್ದು ಯಾವತ್ತೈತ್ರಿ? ತಡೀರಿ, ಪೆನ್ ತಗೋತೀನಿ, ಚೀಟ್ಯಾಗ ಬರಕೊಳ್ತೀನಿ.”