ಗುಡ್ಡದ ಮೇಲಿಂದ ಜಕ್ಕಲಿ ಕಾಣುತ್ತದೆಯೇ?

ಗಜೇಂದ್ರಗಡದ ಗುಡ್ಡ ಹತ್ತಲು ಟಿಕೀಟಿಲ್ಲ. ಒಂದು ಸಂಸಾರ ಇಲ್ಲಿ ರಜೆಯ ದಿನ ಕಳೆಯಲು ಬೇಕಾಗುವುದು ಇಷ್ಟೇ: ಬಸ್ ಚಾರ್ಜು, ಕುಡಿಯುವ ನೀರು, ಕಾಲಿಗೆ ಗಟ್ಟಿ ಚಪ್ಪಲಿ, ತಲೆಗೊಂದು ಟವೆಲ್ಲು ಮತ್ತು ಮುಮತಾಜಬಿಯವರ ಬುತ್ತಿ. ಬುತ್ತಿಗೆ ಒಬ್ಬರಿಗೆ ಎಂಬತ್ತು ರೂಪಾಯಿ. ಇಳಿದು ಬಂದ ಮೇಲಿನ ಚಹಾ ಅದರಲ್ಲೇ ಬಂತು. ಸಣ್ಣ ಮಕ್ಕಳಿಗೆ ದುಡ್ಡಿಲ್ಲ, ಆದರೆ ಹಾಕಿದ ರೊಟ್ಟಿ ಬಿಡುವಂತಿಲ್ಲ. ಬುತ್ತಿ ಕಟ್ಟಿದ ಬಟ್ಟೆ ಮಾತ್ರ ವಾಪಸು ತಂದುಕೊಡಬೇಕು.

ಇನ್ನೂ ಬೆಳಕು ಹರಿದಿಲ್ಲ. ಗುಡ್ಡದ ಬುಡದ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿರುವ ಮನೆಯೇ ಮುಮತಾಜಬಿಯವರದು. ಒಲೆಯ ಮುಂದೆ ಒಂದು ಕಾಲು ಮಡಚಿ, ಇನ್ನೊಂದನ್ನು ಉದ್ದಕ್ಕೆ ಚಾಚಿ ಕುಳಿತಿದ್ದಾರೆ. ಚಾಚಿದ್ದು ಬಲಗಾಲು; ಅದರ ಮೊಣಕಾಲಿಗೆ ಬಟ್ಟೆ ಬಿಗಿದಿದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ಪಕ್ಕದ ಬುಟ್ಟಿಯಲ್ಲಿ ಬೆಂದವನ್ನು ಪೇರಿಸುತ್ತಾರೆ. ಎಣ್ಣೆಗಾಯಿ ಪಲ್ಯ ಆಗಲೇ ಇಳಿದಿದೆ. ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಂದೊಂದು ಉಳ್ಳಾಗಡ್ಡಿ ಸೇರಿದರೆ ಬುತ್ತಿ ತಯಾರು. ಗುಡ್ಡ ಇಳಿದವರು ಕೆಲವರು ಹಾಗೆಯೇ ಕಾಲಕಾಲೇಶ್ವರನ ಗುಡಿಗೆ ಹೋಗುತ್ತಾರೆ. ಅದಕ್ಕೆಂದೇ ಬುತ್ತಿಯ ಪಾತ್ರೆಗಳು ಬೇರೆ, ಒಲೆಯೂ ಬೇರೆ. ಆದರೂ ಕೆಲವರು ಹೆಸರು ಕೇಳಿ ಮುಂದೆ ಹೋಗುವುದುಂಟು.

“ಹೋಗಲಿ ಬಿಡ್ರಿ. ಹಸದವರು ತಿರುಗಿ ಬರತಾರ” ಎನ್ನುತ್ತಾರೆ.

ಪಡಸಾಲೆಯಲ್ಲಿ ಗಂಡ ಮದರಸಾಬರ ಕೈಮಗ್ಗ. ಪಟ್ಟೇದಂಚಿನ ಸೀರೆ ನೇಯ್ದ ಮೇಲೆ ಹಾಸುನೂಲಿನ ತುದಿಯಲ್ಲಿ ಉಳಿಯುವ ಕೆಂಪು ತುಂಡುಗಳೇ ಬುತ್ತಿಯ ಬಟ್ಟೆ. ಆ ಬಟ್ಟೆಗೆ ಇನ್ನೊಂದು ಕೆಲಸವಿದೆ. ಮೇಲೆ ಹೋದವರು ಉಂಡಾದ ಮೇಲೆ ಗುಡ್ಡದ ತುದಿಯ ಕೋಟೆಯ ಅಂಚಿಗೆ ನಿಂತು ಅದನ್ನು ಬೀಸಬೇಕು. ಮುಮತಾಜಬಿ ಮಾಳಿಗೆ ಮೇಲಿಂದ ತಾವೂ ಒಂದು ಕೆಂಪು ಬಟ್ಟೆ ಬೀಸಿ, ಕೆಳಗಿಳಿದು ಚಹಾಕ್ಕೆ ಇಡುತ್ತಾರೆ. ಜನ ಬಾಗಿಲಿಗೆ ಬರುವುದಕ್ಕೂ ಚಹಾ ಕುದಿಯುವುದಕ್ಕೂ ಸರಿಹೋಗುತ್ತದೆ. ಮಕ್ಕಳಿಗಂತೂ ಕೋಟೆಗಿಂತ ಇದೇ ದೊಡ್ಡ ಆಟ.

ಬಾದಾಮಿ, ಪಟ್ಟದಕಲ್ಲಿನ ಗದ್ದಲ ಸಾಕೆನಿಸಿದವರು ಈಚೆಗೆ ಈ ಕಡೆ ತಿರುಗುತ್ತಿದ್ದಾರೆ. ಸೂಡಿಯ ಕಲ್ಲಿನ ಹೊಂಡ, ನರಗುಂದದ ಗುಡ್ಡ, ಇಲ್ಲಿಯ ಕೋಟೆ, ಎಲ್ಲ ಎರಡು ದಿನದಲ್ಲಿ ಆರಾಮಾಗಿ ಆಗುತ್ತವೆ. ನೂಕುನುಗ್ಗಲಿಲ್ಲ, ಮಕ್ಕಳ ಕೈ ಬಿಟ್ಟರೂ ಕಳೆದುಹೋಗುವ ಭಯವಿಲ್ಲ. ಹೊಟ್ಟೆಯದೇ ಚಿಂತೆ. ಹಿಂದೊಮ್ಮೆ ಹಸಿದು ಇಳಿದು ಬಂದ ಸಂಸಾರವೊಂದು ಇದೇ ಬಾಗಿಲಲ್ಲಿ ನೀರು ಕೇಳಿತ್ತು. ನೀರಿನ ಜೊತೆ ರೊಟ್ಟಿ ಬಂತು. ಅವರು ಇನ್ನೊಬ್ಬರಿಗೆ ಹೇಳಿದರು. ಈಗ ಭಾನುವಾರಕ್ಕೆ ಮೂರು ನಾಲ್ಕು ಸಂಸಾರ. ಡಿಸೆಂಬರಿನ ರಜೆಯಲ್ಲಿ ಇನ್ನೂ ಹೆಚ್ಚು.

ಬಂದವರಿಗೆ ಮೇಲೆ ಏನೇನು ಕಾಣುತ್ತದೆ ಎಂದು ಮುಮತಾಜಬಿ ಬುತ್ತಿ ಕಟ್ಟುತ್ತಲೇ ಹೇಳುತ್ತಾರೆ. “ಕೋಟಿ ಹೊಂಡದಾಗ ಮೋಡ ಇಳದಂಗ ಕಾಣತಾವ್ರಿ. ಆ ಕಡೆ ಕರೆಂಟಿನ ಗಾಳಿ ಪಂಕಾ, ಎಣಿಸಿದಷ್ಟೂ ಅದಾವು. ಕೆಳಗ ಬಿಳಿಜ್ವಾಳದ ಹೊಲ, ಜಮಖಾನಿ ಹಾಸಿದಂಗ. ಮುಳುಗೂ ದಿಕ್ಕಿಗಿ ನಿಂತ್ರ ನಮ್ಮ ಜಕ್ಕಲಿ ಕಾಣತೈತಿ.”

ಜಕ್ಕಲಿ ಅವರ ತವರು. ಅಲ್ಲಿ ಈಗ ಅವರ ಪೈಕಿ ಯಾರೂ ಇಲ್ಲ.

ಈ ಭಾನುವಾರ ಮೊದಲು ಬಂದವರು ಬೆಳವಣಕಿಯವರು: ತಿಪ್ಪವ್ವ, ಮಗ ಕನಕರಾಜ, ಸೊಸೆ ರೇಷ್ಮಾ. ತಿಪ್ಪವ್ವನಿಗೆ ಅರವತ್ತು ದಾಟಿದೆ. ಇಷ್ಟು ಹತ್ತಿರವಿದ್ದೂ ಈ ಗುಡ್ಡ ಹತ್ತಿದವರಲ್ಲ. “ಇಲ್ಲೇ ಐತೆಲ್ಲ, ಯಾವಾಗರ ಹೋದ್ರಾತು ಅನಕೋತ ಮುದುಕಿ ಆದ್ನಿ” ಎಂದು ಕಟ್ಟೆಯ ಮೇಲೆ ಕೂರುತ್ತಾರೆ. ಬುತ್ತಿ ಕಟ್ಟುವವರ ಮಾತು ಕೇಳುತ್ತ ಅವರ ಕಿವಿ ಜಕ್ಕಲಿಯ ಹತ್ತಿರ ನಿಲ್ಲುತ್ತದೆ.

“ಏ ತಂಗಿ, ಜಕ್ಕಲಿ ಕಾಣತೈತಿ ಅಂದ್ರ ನಮ್ಮ ಬೆಳವಣಕಿನೂ ಕಾಣಬೇಕಲ?”

ಮುಮತಾಜಬಿಯ ಕೈ ಗಂಟಿನ ಮೇಲೆ ನಿಲ್ಲುತ್ತದೆ. “ಅದು... ನೋಡಿದವರು ಯಾರೂ ಹೇಳಿಲ್ಲಕ್ಕಾ.”

“ನೀ ನೋಡಿಲ್ಲೇನ?”

“ಹತ್ತಿಲ್ರಿ ಯಕ್ಕಾ ನಾನು. ಇಲ್ಲೇ ಐತೆಲ್ಲ.”

ತಿಪ್ಪವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. “ಶಬ್ಬಾಸ್! ನಾ ಬೆಳವಣಕಿಂದರ ಬಂದೇನಿ. ನೀ ಬಾಗಲದಾಗ ಗುಡ್ಡಾ ಇಟಗೊಂಡು ಊರ ಮಂದಿಗಿ ಪುರಾಣಾ ಹೇಳತಿ.”

ನಗು ನಿಂತ ಮೇಲೆ ಸಂಗತಿ ಹೊರಬರುತ್ತದೆ. ಮೊಣಕಾಲು ಸವೆದಿದೆ. ಬರುವ ತಿಂಗಳಿಂದ ಮೆಟ್ಟಿಲಿನ ಹೆಸರೇ ಎತ್ತಬೇಡಿ ಎಂದು ದವಾಖಾನೆಯಲ್ಲಿ ಹೇಳಿದ್ದಾರೆ. ಮಾಳಿಗೆ ಹತ್ತುವುದೂ ನಿಲ್ಲಬೇಕು. ಅದಕ್ಕೂ ಮೊದಲು ಒಂದು ಸಲ ಮೇಲೆ ನಿಂತು ಜಕ್ಕಲಿ ನೋಡಬೇಕೆಂಬುದು ಮುಮತಾಜಬಿಯ ಆಸೆ. ಭಾನುವಾರ ಬಂದರೆ ಬುತ್ತಿ, ಉಳಿದ ದಿನ ಮಗ್ಗದ ಕಂಡಿಕೆಗೆ ನೂಲು ಸುತ್ತುವುದು. ದಿನ ಹೋಗುತ್ತಲೇ ಇವೆ.

“ಜಕ್ಕಲಿಗೆ ಬಸ್ ಐತೆಲ್ಲ ಚಾಚಿ” ಎನ್ನುತ್ತಾನೆ ಕನಕರಾಜ.

“ಐತಪ್ಪಾ. ಹೋಗಿ ಯಾರ ಬಾಗಲಾ ಬಡೀಲಿ? ಮ್ಯಾಲಿಂದ ನೋಡಿದ್ರ ಬಾಗಲಾ ಬಡಿಯೂದ ಬೇಕಾಗಂಗಿಲ್ಲ.”

ತಿಪ್ಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ. “ಏಳ ಹಂಗಾರ. ನೀ ಬಂದ್ರ ನಾ ಹತ್ತತೀನಿ. ಇಲ್ಲಂದ್ರ ಈ ಕಟ್ಟಿ ಬಿಟ್ಟ ಏಳಂಗಿಲ್ಲ.”

“ಇನ್ನ ಎರಡ ಸಂಸಾರ ಬರೋರದಾರ್ರಿ. ಅವರ ಬುತ್ತಿ? ಚಹಾ?”

ಒಳಗೆ ಮಗ್ಗದ ಸಪ್ಪಳ ಯಾವಾಗಲೋ ನಿಂತಿದೆ. ಮದರಸಾಬರು ಬಾಗಿಲಿಗೆ ಬಂದು ನಿಂತಿದ್ದಾರೆ. “ಮೊಣಕಾಲ ನೋಡಕೊ. ಇವತ್ತ ಬಿಸಲ ಭಾಳ ಐತಿ. ಇನ್ನೊಮ್ಮಿ ಹೋದ್ರಾತು” ಎನ್ನುತ್ತಾರೆ. ಅದು ಡಿಸೆಂಬರಿನ ಮುಂಜಾನೆ. ಹೊದ್ದ ಶಾಲು ಅವರ ಮೈಮೇಲೇ ಇದೆ. ಹೆಂಡತಿ ಶಾಲಿನತ್ತ ನೋಡುತ್ತಾರೆ. ಆಮೇಲೆ ಕಟ್ಟಿಟ್ಟ ಬುತ್ತಿಗಳನ್ನೂ ಚಹಾದ ಡಬ್ಬಿಯನ್ನೂ ಅವರ ಮುಂದೆ ಸರಿಸಿ, ಗೋಡೆ ಹಿಡಿದು ಏಳುತ್ತಾರೆ.

ಹತ್ತುವಾಗ ಕೂತಲ್ಲೆಲ್ಲ ತಿಪ್ಪವ್ವನ ಕಾಟ. “ಎಷ್ಟ ಮೆಟ್ಟಲಾ ಅದಾವಂತ ಹೇಳಿದಿ ಮಂದಿಗಿ?” “ಸ್ವಲ್ಪ ಅದಾವು ಅಂತ ಹೇಳತಿದ್ನಿರಿ.” “ನಿನ್ನ ಸ್ವಲ್ಪಕ್ಕ ನನ್ನ ಜೀಂವಾ ಹೋತಲೇ ಯವ್ವಾ!” ರೇಷ್ಮಾ ಒಂದು ಕೈ ಅತ್ತೆಗೆ, ಒಂದು ಕೈ ಮುಮತಾಜಬಿಗೆ ಕೊಟ್ಟು ನಡುವೆ ನಡೆಯುತ್ತಾಳೆ. ಮುಮತಾಜಬಿ ಏರಿನಲ್ಲಿ ಬಲಗಾಲು ಎಳೆಯುತ್ತಾರೆ, ಆದರೆ ಹಿಂದೆ ತಿರುಗುವುದಿಲ್ಲ.

ಮೇಲೆ, ಹೊಂಡದಲ್ಲಿ ಮೋಡ ಇಳಿದಿವೆ. ಗಾಳಿಯ ಪಂಕಾ ತಿರುಗುತ್ತಿವೆ. ಜೋಳದ ಹೊಲ ಹೇಳಿದಂತೆಯೇ ಇದೆ. ಮುಮತಾಜಬಿ ನೇರವಾಗಿ ಮುಳುಗುವ ದಿಕ್ಕಿಗೆ ಹೋಗಿ ಕಣ್ಣಿಗೆ ಕೈ ಮರೆ ಮಾಡಿಕೊಂಡು ನಿಲ್ಲುತ್ತಾರೆ. ಹೊಲ, ಹೊಲದಾಚೆ ಹೊಲ, ಅದರಾಚೆ ಬರೀ ಆಕಾಶ. ಕನಕರಾಜ ಮೊಬೈಲಿನ ನಕಾಶೆ ತೆಗೆಯುತ್ತಾನೆ, ತಾಯಿ ಕಣ್ಣಿನಲ್ಲೇ ಬೇಡ ಎನ್ನುತ್ತಾರೆ, ಒಳಗಿಡುತ್ತಾನೆ.

“ಹೊಸದಾಗಿ ಮದುವಿಯಾಗಿ ಬಂದಾಗ ತವರ ನೆನಸಿ ದಿನಾ ಅಳತಿದ್ನಿರಿ” ಎನ್ನುತ್ತಾರೆ ಮುಮತಾಜಬಿ, ದಿಗಂತದಿಂದ ಕಣ್ಣು ತೆಗೆಯದೆ. “ನಮ್ಮನಿಯವರು ಹೇಳಿದ್ರು, ಯಾಕ ಅಳತಿ, ಗುಡ್ಡಾ ಹತ್ತಿದ್ರ ಜಕ್ಕಲಿ ಕಾಣತೈತಿ, ಇಲ್ಲೇ ಐತಿ ಅಂತ. ಅವತ್ತಿಂದ ಅಳೂದ ಬಿಟ್ನಿ.”

ತಿಪ್ಪವ್ವ ಈ ಸಲ ನಗುವುದಿಲ್ಲ. ಬುತ್ತಿ ಬಿಚ್ಚಿ ಮೊದಲ ರೊಟ್ಟಿಯನ್ನು ಅದನ್ನು ಬಡಿದವರ ಕೈಗೇ ಕೊಡುತ್ತಾರೆ. ಉಂಡಾದ ಮೇಲೆ ಬಟ್ಟೆ ಝಾಡಿಸಿ, ಅದನ್ನೂ ಅವರ ಕೈಗೇ ಕೊಡುತ್ತಾರೆ.

ಮುಮತಾಜಬಿ ಊರಿನ ಕಡೆಯ ಅಂಚಿಗೆ ಬಂದು ಬಟ್ಟೆ ಬೀಸುತ್ತಾರೆ. ಕೆಳಗೆ ಮಾಳಿಗೆಗಳ ಸಾಲು. ಯಾವುದು ಯಾರದೆಂದು ತಿಳಿಯದು. ಅಷ್ಟರಲ್ಲಿ ಒಂದು ಮಾಳಿಗೆಯ ಮೇಲೆ ಕೆಂಪು ಅಲುಗುತ್ತದೆ. ಅದು ತುಂಡು ಬಟ್ಟೆಯಲ್ಲ. ಮದರಸಾಬರು ಮಾರಲಿಟ್ಟ ಇಡೀ ಸೀರೆಯನ್ನೇ ಬಿಚ್ಚಿ ಎರಡೂ ಕೈಯಲ್ಲಿ ಬೀಸುತ್ತಿದ್ದಾರೆ.

“ಅಯ್ಯ ಇವರ! ಮಾರೂ ಸೀರಿ ಮಡಿಕಿ ಮುರದ್ರು!” ಎಂದು ಮುಮತಾಜಬಿ ಬೈಯುತ್ತಾರೆ. ಬಟ್ಟೆ ಬೀಸುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ಇಳಿದು ಬರುವಷ್ಟರಲ್ಲಿ ಚಹಾ ಕುದ್ದು ಕುದ್ದು ಕಷಾಯವಾಗಿದೆ. ಮದರಸಾಬರು ಕಪ್ಪುಗಳನ್ನು ತಾವೇ ತಂದಿಡುತ್ತಾರೆ, ತಲೆ ಎತ್ತುವುದಿಲ್ಲ.

“ಜಕ್ಕಲಿ ಎಲ್ಲೈತ್ರಿ?” ಎಂದು ಮುಮತಾಜಬಿ ಕೇಳುತ್ತಾರೆ.

“ಮಂಜ ಇತ್ತೇನೋ.”

“ಮಂಜ ಇರಲಿಲ್ಲ.”

ಒಂದು ಕಪ್ಪು ಹೆಂಡತಿಯ ಮುಂದೆ ಸರಿಯುತ್ತದೆ. “ನೀ ಅಳತಿದ್ದಿ” ಎನ್ನುತ್ತಾರೆ ಮದರಸಾಬರು. “ನನಗ ಬ್ಯಾರೆ ಏನೂ ಹೊಳೀಲಿಲ್ಲ.”

ಮುಮತಾಜಬಿ ಚಹಾ ಗುಟುಕರಿಸಿ ಮುಖ ಕಿವುಚುತ್ತಾರೆ. “ಇನ್ನಮ್ಯಾಲೆ ಮಾಳಗಿ ಹತ್ತೂದ ನಿಮ್ಮ ಪಾಲಿಗಿ. ಚಹಾ ನಾ ಮಾಡತೀನಿ.”

ಹೊರಗೆ ಆಟೋ ನಿಲ್ಲುತ್ತದೆ. ಮಕ್ಕಳೊಂದಿಗೆ ಇಳಿದ ಹೆಂಗಸು ಬುತ್ತಿ ಸಿಗುತ್ತದೆಯೇ ಎಂದು ಕೇಳುತ್ತಾರೆ. ಮೇಲೆ ನೋಡಲಿಕ್ಕೆ ಏನಿದೆ ಎಂದೂ ಕೇಳುತ್ತಾರೆ. ಮುಮತಾಜಬಿ ಕಾಲು ಚಾಚಿ ಕುಳಿತು ಕೆಂಪು ಬಟ್ಟೆ ಹಾಸುತ್ತಾರೆ. ಹೊಂಡ, ಪಂಕಾ, ಜೋಳದ ಹೊಲ, ಎಲ್ಲ ಹೇಳುತ್ತಾರೆ. ಜಕ್ಕಲಿಯ ಹೆಸರು ಬರುವುದಿಲ್ಲ.

“ಊರ ಕಡೆ ನಿಂತ್ರ ನಮ್ಮನಿ ಕಾಣತೈತಿ” ಎಂದು ಗಂಟು ಬಿಗಿಯುತ್ತಾರೆ. “ನಾನ ನೋಡೇನ್ರಿ.”