ಹಿತ್ತಲಲ್ಲಿ ಹುಗಿದ ಗ್ಲಾಸು

ಮಾಳಮಡ್ಡಿಯ ನಮ್ಮ ಮನೆಯಲ್ಲಿ ಗಾಜಿನದು ಏನೇ ಒಡೆದರೂ ಚೂರುಗಳನ್ನು ಹಿತ್ತಲಲ್ಲಿ ಹುಗಿಯುವುದು ರೂಢಿಯಾಗಿತ್ತು. ಬೀದಿಗೆ ಎಸೆದರೆ ಯಾರದೋ ಕಾಲಿಗೆ ಚುಚ್ಚೀತು ಎಂಬ ಒಳ್ಳೆಯ ಮನಸ್ಸಿನಿಂದಲೇ. "ಹುಗದು ಬಿಡು, ಮಣ್ಣು ಎಲ್ಲಾ ತಿಂತೈತಿ" ಅನ್ನುತ್ತಿದ್ದಳು ಅಜ್ಜಿ. ನಾನೂ ನಂಬಿದ್ದೆ.

ಈ ವರ್ಷ ಕರಿಬೇವಿನ ಸಸಿ ನೆಡಲು ಅಗೆಯುವಾಗ ಸಲಿಕೆಗೆ ಕಂದೀಲಿನ ಗಾಜು ತಾಗಿತು. ಅದರ ಕೆಳಗೆ ಔಷಧದ ಬಾಟಲಿ, ಉಪ್ಪಿನಕಾಯಿಯ ಗಾಜಿನ ಭರಣಿಯ ಚೂರು. ಅಜ್ಜಿ ಹೋಗಿ ಇಪ್ಪತ್ತು ವರ್ಷವಾದರೂ ಅವಳು ಹುಗಿದ ಗಾಜು ನನ್ನ ಬೆರಳು ಕೊಯ್ಯಿತು. ಸಿಟ್ಟು ನೆತ್ತಿಗೇರಿತು. ಸಾವಿರ ವರ್ಷ ಬಿಟ್ಟರೂ ಮಣ್ಣು ಇದನ್ನು ಅರಗಿಸಿಕೊಳ್ಳುವುದಿಲ್ಲ. ಭಟ್ಟಿಯಲ್ಲಿ ಕರಗಿಸಿದರೆ ಮಾತ್ರ ಮತ್ತೆ ಬಾಟಲಿಯಾದೀತು. ಒಂದು ಚೂರೂ ಬಿಡದೆ ತೆಗೆದು ಗುಜರಿಗೆ ಕೊಟ್ಟ ಮೇಲೆಯೇ ಸಸಿ ನೆಡುವುದೆಂದು ಹಟ ಹಿಡಿದೆ.

ಮೂರು ದಿನ ಅಗೆದೆ. ಎರಡು ಗೋಣಿಚೀಲ ತುಂಬಿದವು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅವ್ವ ಒಂದು ಹಸಿರು ಚೂರನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಉಬ್ಬು ದ್ರಾಕ್ಷಿ ಗೊಂಚಲು ನಿನ್ನೆ ಮೊನ್ನೆಯದರಂತೆ ಹೊಳೆಯಿತು. ಬೀಗರು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದ ಶರಬತ್ತಿನ ಗ್ಲಾಸು. ಹತ್ತನೆಯ ವಯಸ್ಸಿನಲ್ಲಿ ನಾನೇ ಒಡೆದು, ಯಾರಿಗೂ ಕಾಣದಂತೆ ಹುಗಿದಿದ್ದೆ.

"ಮಗ್ಗಲಮನಿ ಕಾಕು ಗ್ಲಾಸ ಒಯ್ದು ತಿರುಗಿ ಕೊಟ್ಟೇ ಇಲ್ಲ ಅಂದಿದ್ದಿ," ಅಂದಳು ಅವ್ವ. "ಅವತ್ತಿನಿಂದ ಆಕಿ ಜೋಡಿ ನಾ ನೆಟ್ಟಗ ಮಾತಾಡಿಲ್ಲ."

ಚೀಲಗಳನ್ನು ಗುಜರಿಗೆ ಕಳಿಸಿದೆ. ಆ ಚೂರೊಂದನ್ನು ಉಳಿಸಿಕೊಂಡು, ಕೈ ತೊಳೆದು, ಪಕ್ಕದ ಮನೆಯ ಕಾಕುವಿನ ಬಾಗಿಲು ಬಡಿದೆ.